ಗೆಳೆಯನಿಗೊಂದು ಪತ್ರ: ಡಿಸ್ನಿಗೆ ಹೊರಡುವ ಮೊದಲು ಅಮ್ಮನ ಊಟದ ಯೋಚನೆ

ಶಿವಮೊಗ್ಗ

ಪ್ರೀತಿಯ ಗೆಳೆಯಾ,

ಮೇ ತಿಂಗಳಲ್ಲಿ ಮನೆಮಂದಿಯೆಲ್ಲ ತಂಗಿಯ ಮನೆಗೆ ಅಮೆರಿಕಕ್ಕೆ ಹೊರಟಿದ್ದೀರಿ, ಅಲ್ಲಿಂದ ಫ್ಲೋರಿಡಾಕ್ಕೆ ಹೋಗಿ ಡಿಸ್ನಿ ವರ್ಲ್ಡ್ ನೋಡುತ್ತೀರಿ ಅಂತ ಕೇಳಿ ಖುಷಿಯಾಯಿತು. ಅಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದೀಯಲ್ಲ, ಅದು ಇನ್ನೂ ಖುಷಿ. ಯಾವ ರೈಡ್ ಚೆನ್ನಾಗಿದೆ ಅಂತ ನೀನು ಕೇಳಿದೆ. ಅದನ್ನು ಮಕ್ಕಳಿಗೇ ಬಿಡು ಮಾರಾಯ, ಯೂಟ್ಯೂಬ್ ನೋಡಿ ಅವರಿಗೆ ಈಗಲೇ ಎಲ್ಲ ಬಾಯಿಪಾಠ ಆಗಿರುತ್ತದೆ. ನೀನು ಕೂತು ಯೋಚನೆ ಮಾಡಬೇಕಾದ್ದು ಊಟದ ಬಗ್ಗೆ. ಅದರಲ್ಲೂ ಅಮ್ಮನ ಊಟ. ಅವರು ಎಲ್ಲಿ, ಎಷ್ಟು ಹೊತ್ತಿಗೆ, ಏನು ತಿನ್ನುತ್ತಾರೆ ಅನ್ನುವುದನ್ನು ಮೊದಲು ಗೊತ್ತು ಮಾಡಿಕೊ. ಉಳಿದದ್ದೆಲ್ಲ ಅದರ ಹಿಂದೆ ಬರಲಿ.

ಯಾಕೆ ಅಂದರೆ, ಹಸಿದು ಸುಸ್ತಾದ ಹಿರಿಯರನ್ನು ಕೂರಿಸಿಕೊಂಡು ಯಾವ ಮೆರವಣಿಗೆ ನೋಡಿದರೂ ಮನಸ್ಸಿಗೆ ಹತ್ತುವುದಿಲ್ಲ. ನಾವು ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆವು. ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು, ಮಂಡಿನೋವು ಬೇರೆ. ಅವರ ಊಟ ಸರಿಹೋದ ದಿನ ಎಲ್ಲರ ದಿನವೂ ಸರಿಹೋಯಿತು. ನಿನ್ನ ಹಾಗೆ ಹೊರಡುವವರು ಇನ್ನೂ ಇರುತ್ತಾರೆ ಅಂತ ಈ ಪತ್ರವನ್ನು ಇಲ್ಲೇ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಮೊದಲು ಜಾಗದ ಅಂದಾಜು. ಅದು ಒಂದು ಪಾರ್ಕ್ ಅಲ್ಲ. ಸುಮಾರು 100 ಚದರ ಕಿಲೋಮೀಟರ್ ಜಾಗ, ಅದರೊಳಗೆ ನಾಲ್ಕು ದೊಡ್ಡ ಪಾರ್ಕುಗಳು. 1971ರಲ್ಲಿ ಶುರುವಾದ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್ಕಾಟ್, 1989ರ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್‌ಡಮ್. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುತ್ತೇನೆ ಅನ್ನುವ ಲೆಕ್ಕ ಬೇಡ. ಮ್ಯಾಜಿಕ್ ಕಿಂಗ್‌ಡಮ್‌ಗಂತೂ ಕಾರು ನಿಲ್ಲಿಸಿದ ಮೇಲೆ ಕೆರೆ ದಾಟಬೇಕು, ಇಲ್ಲವೇ ಮೋನೋರೈಲು ಹತ್ತಬೇಕು. ಸೇತುವೆ ಆಗುವ ಮೊದಲು ಸಿಗಂದೂರಿಗೆ ಹೋಗಲು ಲಾಂಚ್‌ಗೆ ಕಾಯುತ್ತಿದ್ದೆವಲ್ಲ, ಹಾಗೇ ಬೆಳಗ್ಗೆ ಜನ ನಿಂತಿರುತ್ತಾರೆ. ಆದ್ದರಿಂದ ಅಲ್ಲಿ ಎಂಟು ಗಂಟೆಗೆ ತಿಂಡಿಗೆ ಟೇಬಲ್ ಹಿಡಿದಿದ್ದರೆ ರೂಮಿನಿಂದ ಆರೂವರೆಗಾದರೂ ಹೊರಟಿರಬೇಕು.

ಟೇಬಲ್ ಹಿಡಿಯುವುದು ಅಂದೆನಲ್ಲ, ಮುಖ್ಯ ವಿಷಯ ಅದೇ. ಕೂತು ಊಟ ಮಾಡುವ ಹೋಟೆಲುಗಳಲ್ಲಿ ಹೋಗಿ ನಿಂತರೆ ಜಾಗ ಸಿಗುವುದು ಕಷ್ಟ. 60 ದಿನ ಮೊದಲು ಬುಕಿಂಗ್ ತೆರೆಯುತ್ತಾರೆ. ಅಲ್ಲಿನ ಬೆಳಗ್ಗೆ ಆರು ಗಂಟೆ ಅಂದರೆ ಆ ಹೊತ್ತಿಗೆ ನಮ್ಮಲ್ಲಿ ಮಧ್ಯಾಹ್ನ ಮೂರೂವರೆ. ನಿದ್ದೆಗೆಡುವ ಕೆಲಸ ಇಲ್ಲ, ಊಟ ಮುಗಿಸಿ ಆರಾಮವಾಗಿ ಕೂತು ಮಾಡಬಹುದು. ನೀವು ಮೇ 20ಕ್ಕೆ ಅಲ್ಲಿರುವುದಾದರೆ ಮಾರ್ಚ್ 21ಕ್ಕೆ ಬುಕಿಂಗ್ ತೆರೆಯುತ್ತದೆ. ಡಿಸ್ನಿಯವರದೇ ಹೋಟೆಲಿನಲ್ಲಿ ಉಳಿಯುವವರು ಬಂದಿಳಿಯುವ ದಿನಕ್ಕೆ 60 ದಿನ ಮೊದಲೇ, ಹತ್ತು ದಿನಗಳವರೆಗಿನ ಊಟವನ್ನೆಲ್ಲ ಒಟ್ಟಿಗೆ ಕಾದಿರಿಸಬಹುದು. ಹೊರಗೆ ಉಳಿಯುವವರು ಒಂದೊಂದು ದಿನಕ್ಕೂ ಬೇರೆ ಬೇರೆ ಲೆಕ್ಕ ಹಾಕಬೇಕು.

ಇಷ್ಟಾದರೂ ನೀನು ಹೊರಗೆ ಅಡುಗೆಮನೆ ಇರುವ ಬಾಡಿಗೆ ಮನೆಯನ್ನೇ ತೆಗೆದುಕೊ ಅಂತ ನನ್ನ ಗಟ್ಟಿ ಅಭಿಪ್ರಾಯ. ಅಮ್ಮನಿಗೆ ರಾತ್ರಿ ಒಂದು ಹಿಡಿ ಬಿಸಿ ಅನ್ನ, ಸಾರು ಸಿಕ್ಕರೆ ಮರುದಿನ ಎದ್ದು ಓಡಾಡುತ್ತಾರೆ. ಡಿಸ್ನಿ ಹೋಟೆಲಿನ ಮಾಮೂಲಿ ರೂಮುಗಳಲ್ಲಿ ಫ್ರಿಜ್ ಇರುತ್ತದೆ, ಒಲೆ ಇರುವುದಿಲ್ಲ.

ಬುಕಿಂಗ್‌ಗೆ ಕಾರ್ಡ್ ಬೇಕು. ನಿನ್ನ ಕಾರ್ಡಿಗೆ ವಿದೇಶದ ವ್ಯವಹಾರ ತೆರೆಸಿಕೊ, ಅಥವಾ ತಂಗಿಯ ಕಾರ್ಡ್ ಹಾಕು. ಟೇಬಲ್ ಹಿಡಿದು ಹೋಗದೇ ಇದ್ದರೆ ಸಾಮಾನ್ಯವಾಗಿ ತಲೆಗೆ 10 ಡಾಲರ್ ಹಿಡಿಯುತ್ತಾರೆ. ಬೇಡವಾದರೆ ಎರಡು ಗಂಟೆ ಮೊದಲು ರದ್ದು ಮಾಡಿದರೆ ಸಾಕು. ಇದರಿಂದ ಒಂದು ಅನುಕೂಲವೂ ಇದೆ. ಹಿಂದಿನ ದಿನ, ಅದೇ ದಿನ ಬೆಳಗ್ಗೆ ತುಂಬಾ ಜನ ರದ್ದು ಮಾಡುತ್ತಾರೆ. 60 ದಿನ ಮೊದಲು ಸಿಗದ ಜಾಗ ಆಗ ಸಿಗುತ್ತದೆ. ಡಿಸ್ನಿಯವರ ಆ್ಯಪ್ ತೆರೆದು ನೋಡುತ್ತಾ ಇರು. ತಂಗಿ, ಭಾವ ಸೇರಿ ನೀವು ಏಳು ಜನ ಅಲ್ವಾ? ಏಳು ಜನಕ್ಕೆ ಒಂದೇ ಟೇಬಲ್ ಸಿಗದಿದ್ದರೆ ನಾಲ್ಕು ಮತ್ತು ಮೂರು ಅಂತ ಎರಡು ಮಾಡಿ ಹಿಡಿ. ಹತ್ತಿರ ಹತ್ತಿರ ಕೂರಿಸಿ ಅಂತ ಅಲ್ಲಿ ಹೋಗಿ ಕೇಳಬಹುದು.

ಆದರೆ ದಿನಕ್ಕೆ ಒಂದೇ ಕೂತು ಉಣ್ಣುವ ಊಟ ಇರಲಿ, ಜಾಸ್ತಿ ಬೇಡ. ಒಂದೊಂದು ಊಟಕ್ಕೂ ಒಂದೂವರೆ ಗಂಟೆ ಹೋಗುತ್ತದೆ. ಆ ಊಟವನ್ನು ಮಧ್ಯಾಹ್ನ ಒಂದರ ಸುಮಾರಿಗೆ ಇಟ್ಟುಕೊ. ಮೇ ಕೊನೆಯಲ್ಲಿ ಅಲ್ಲಿ ಕರಾವಳಿಯ ಸೆಕೆ. ನಾವು ಮಲೆನಾಡಿನವರು ಮಳೆ ಎಷ್ಟಾದರೂ ತಡೆಯುತ್ತೇವೆ, ಆ ಬಿಸಿಲು ತಡೆಯುವುದಿಲ್ಲ. ಸುಡುವ ಹೊತ್ತಿನಲ್ಲಿ ಅಮ್ಮ ತಂಪಾದ ಜಾಗದಲ್ಲಿ ಕಾಲು ನೀಡಿ ಕೂತಿರಬೇಕು. ಇನ್ನೊಂದು, ಇಳಿದ ದಿನ ರಾತ್ರಿಗೆ ಏನೂ ಬುಕ್ ಮಾಡಬೇಡ. ಅಲ್ಲಿನ ರಾತ್ರಿ ಎಂಟು ನಿಮ್ಮ ಮೈಗೆ ಬೆಳಗಿನ ಜಾವ ಐದೂವರೆ. ಎಷ್ಟೇ ಒಳ್ಳೆಯ ಊಟವಾದರೂ ಮಕ್ಕಳು ತಟ್ಟೆಯ ಮೇಲೆ ತಲೆಯಿಟ್ಟು ಮಲಗಿಬಿಡುತ್ತವೆ.

ಈಗ ಬುತ್ತಿಯ ವಿಷಯ. ತುಂಬಾ ಜನರಿಗೆ ಇದು ಗೊತ್ತಿಲ್ಲ. ಡಿಸ್ನಿ ವರ್ಲ್ಡ್‌ನ ಪಾರ್ಕಿನೊಳಗೆ ನಮ್ಮ ಊಟ ನಾವೇ ತೆಗೆದುಕೊಂಡು ಹೋಗಬಹುದು! ಗಾಜಿನ ಬಾಟಲಿ, ಬಿಡಿ ಐಸು ಇರಬಾರದು, ಬಿಸಿ ಮಾಡಬೇಕಾದ ಪದಾರ್ಥ ಆಗಬಾರದು, ಅಷ್ಟೇ. ಬ್ಯಾಗು ತೆರೆಸಿ ನೋಡಿದರೆ ತೋರಿಸು, ಗಾಬರಿ ಬೇಡ. ಮ್ಯಾಜಿಕ್ ಕಿಂಗ್‌ಡಮ್‌ನ ದಿನ ನಾವು ಪೂರ್ತಿ ಬುತ್ತಿಯ ಮೇಲೇ ಇದ್ದೆವು. ಪುಳಿಯೋಗರೆ, ಮೊಸರನ್ನ, ಚಟ್ನಿಪುಡಿ ಹಚ್ಚಿದ ಚಪಾತಿ. ಸಂಜೆಗೆ ಕೋಡುಬಳೆ. ಅಲ್ಲಿನ ಕೌಂಟರುಗಳಲ್ಲಿ ಕುಡಿಯುವ ನೀರನ್ನು ಲೋಟದಲ್ಲಿ ಪುಕ್ಕಟೆ ಕೊಡುತ್ತಾರೆ, ಕೇಳಬೇಕು ಅಷ್ಟೇ. ಐಸ್ ಬೇಡ ಅಂತ ಮೊದಲೇ ಹೇಳದಿದ್ದರೆ ಲೋಟದ ತುಂಬ ಐಸೇ ಬರುತ್ತದೆ. ಅತ್ತೆಯವರಿಗೆ ನಾವು ಬಿಸಿನೀರು ಕೇಳಿದೆವು, ಕೊಟ್ಟರು. ಕೈಚೀಲದಿಂದ ಕಷಾಯದ ಪುಡಿ ತೆಗೆದು, ಸಕ್ಕರೆ ಹಾಕಿ, ಕಾಗದದ ಲೋಟದಲ್ಲೇ ಕಲಸಿ ಕುಡಿದರು. ಜೀರಿಗೆ ಕೊತ್ತಂಬರಿ ಪರಿಮಳ ಪಕ್ಕದ ಬೆಂಚಿಗೂ ಹೋಗಿ, ಅಲ್ಲಿದ್ದ ಅಜ್ಜಿ ಏನದು ಅಂತ ಕೇಳಿದರು. ಕಷಾಯದ ಪುಡಿ ಮರೆಯದೆ ಇಟ್ಟುಕೊ.

ಮನೆಯಿಂದ ಒಣ ಪದಾರ್ಥ ಧಾರಾಳವಾಗಿ ಒಯ್ಯಿ. ಸಾರಿನ ಪುಡಿ, ಚಟ್ನಿಪುಡಿ, ಅಪ್ಪೆಮಿಡಿ, ಹಲಸಿನ ಹಪ್ಪಳ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಗೆ ಹಾಕು. ಅಲ್ಲಿ ಇಳಿದಾಗ ತಿನ್ನುವ ಪದಾರ್ಥ ಇದೆ ಅಂತ ಕಸ್ಟಮ್ಸ್‌ನಲ್ಲಿ ಹೇಳಿಬಿಡು. ಆದರೆ ಅಮ್ಮ ಎಷ್ಟೇ ಹೇಳಿದರೂ ಹಸಿ ಕರಿಬೇವು ಕಟ್ಟಿಕೊಳ್ಳಲು ಬಿಡಬೇಡ. ಹಣ್ಣು ಕೂಡ ಬೇಡ. ಕರಿಬೇವಿನ ಮೇಲೆ ಬದುಕುವ ಒಂದು ಸಣ್ಣ ಕೀಟ ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುತ್ತದೆ. 2005ರಲ್ಲಿ ಫ್ಲೋರಿಡಾದಲ್ಲಿ ಆ ರೋಗ ಕಾಣಿಸಿಕೊಂಡಿತು, ಅಲ್ಲಿಂದ ಈಚೆಗೆ ಅಲ್ಲಿನ ಕಿತ್ತಳೆ ತೋಟಗಳು ಸೊರಗಿಹೋಗಿವೆ. ಅಡಿಕೆಗೆ ಎಲೆಚುಕ್ಕೆ ಬಂದು ತೋಟ ಒಣಗುವುದನ್ನು ಕಣ್ಣಾರೆ ಕಂಡ ನಿನಗೆ ಆ ಬೆಳೆಗಾರರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಯಾವ ಹೋಟೆಲು. ಒಂದೇ ಒಂದು ಟೇಬಲ್ ಹಿಡಿಯುವುದಾದರೆ ಸನಾ ಅನ್ನುವ ಜಾಗದಲ್ಲಿ ಹಿಡಿ. ಅದು ಪಾರ್ಕಿನೊಳಗೆ ಇಲ್ಲ, ಅನಿಮಲ್ ಕಿಂಗ್‌ಡಮ್ ಲಾಡ್ಜ್ ಅನ್ನುವ ಡಿಸ್ನಿ ಹೋಟೆಲಿನಲ್ಲಿದೆ. ಅಲ್ಲಿ ಉಣ್ಣಲು ಪಾರ್ಕಿನ ಟಿಕೆಟ್ ಬೇಕಿಲ್ಲ. ಆಫ್ರಿಕಾದ ಅಡುಗೆಗೆ ನಮ್ಮ ಕಡೆಯ ಮಸಾಲೆ ಸೇರಿಸಿ ಮಾಡುತ್ತಾರೆ. ನಾವು ತರಿಸಿದ್ದು ಬ್ರೆಡ್ ಸರ್ವಿಸ್. ನಾನ್, ಕುಲ್ಚಾ, ಪರಾಠ ಅಂತ ಐದು ಬಗೆಯ ರೊಟ್ಟಿ ಬಂದವು. ನಂಚಿಕೊಳ್ಳಲು ಉದ್ದನೆಯ ತಟ್ಟೆಯಲ್ಲಿ ಪುಟ್ಟ ಪುಟ್ಟ ಬಟ್ಟಲು, ಒಟ್ಟು ಒಂಬತ್ತು. ಹುಣಸೆ ಚಟ್ನಿ, ಕೊತ್ತಂಬರಿ ಚಟ್ನಿ, ಮಾವಿನ ಚಟ್ನಿ, ಸೌತೆಕಾಯಿ ರಾಯ್ತ, ಹೀಗೆ. ಬೆಳ್ಳುಳ್ಳಿ ಇರುವ ರೊಟ್ಟಿ, ಬಟ್ಟಲು ಯಾವುವು ಅಂತ ಬಡಿಸುವವರನ್ನೇ ಕೇಳಿ ಈ ಕಡೆಗೆ ಸರಿಸಿಟ್ಟುಕೊಂಡೆವು. ಅತ್ತೆ ಹುಣಸೆ ಚಟ್ನಿಯನ್ನು ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗೆ ಇಟ್ಟರು, "ಪರವಾಗಿಲ್ಲ, ಬೆಲ್ಲ ಸ್ವಲ್ಪ ಮುಂದು" ಅಂದರು. ಅಷ್ಟು ಹೊತ್ತಿಗೆ ಕಿಟಕಿಯಾಚೆ ಹುಲ್ಲುಗಾವಲಿನಲ್ಲಿ ಒಂದು ಜಿರಾಫೆ ನಡೆದು ಬಂತು. ಅವರ ಕೈಯಲ್ಲಿನ ನಾನ್ ತುಂಡು ಹಾಗೇ ನಿಂತುಹೋಯಿತು. ಜೀಬ್ರಾಗಳೂ ಬಂದವು. ನಾವೆಲ್ಲ ಊಟ ಮುಗಿಸಿ ಎದ್ದರೂ ಅವರು ಏಳಲೇ ಇಲ್ಲ. ಇದಕ್ಕೇ ಹೇಳುವುದು, ಅಲ್ಲಿ ಮಧ್ಯಾಹ್ನದ ಊಟಕ್ಕೇ ಹೋಗು. ಕತ್ತಲಾದ ಮೇಲೆ ಕಿಟಕಿಯಲ್ಲಿ ಏನು ಕಾಣುತ್ತದೆ?

ಅನಿಮಲ್ ಕಿಂಗ್‌ಡಮ್‌ನ ದಿನಕ್ಕೇ ಇದನ್ನು ಜೋಡಿಸು. ಬೆಳಗ್ಗೆ ಬಾಗಿಲು ತೆರೆಯುವಾಗಲೇ ಹೋಗಿ ಸಫಾರಿ ಮುಗಿಸಿ, ಅಲ್ಲಿಂದ ಲಾಡ್ಜ್‌ಗೆ ಬಸ್ಸಿದೆ, ಊಟಕ್ಕೆ ಹೋಗಿ ಕೂರಬಹುದು.

ಸನಾದಲ್ಲಿ ಇನ್ನೊಂದು ಲಾಭ ದುಡ್ಡಿನದು. ತರಿಸಿದ್ದಕ್ಕೆ ಮಾತ್ರ ಬಿಲ್. ಮಿಕ್ಕಿಯಂಥವರು ಟೇಬಲಿಗೆ ಬಂದು ಮಾತಾಡಿಸುವ ಹೋಟೆಲುಗಳಲ್ಲಿ ಹಾಗಲ್ಲ, ತಲೆಗೆ ಇಷ್ಟು ಅಂತ ನಿಗದಿ. ಅಮ್ಮ ಎರಡು ಚಮಚ ತಿಂದರೂ ಪೂರ್ತಿ ದುಡ್ಡು. ಹತ್ತು ತುಂಬಿದ ಮಕ್ಕಳು ಅಲ್ಲಿ ದೊಡ್ಡವರ ಲೆಕ್ಕ, ನಿನ್ನ ಮಗನಿಗೂ ದೊಡ್ಡವರ ದರವೇ. ಟಿಕೆಟ್‌ಗೂ ಇದೇ ನಿಯಮ. ಹಾಗಂತ ಪುಟ್ಟಿಗೆ ಆ ಆಸೆ ಇಲ್ಲದೆ ಇರುತ್ತದಾ? ಒಂದು ಸಲ ಮಾಡಿಸು. ಬಿಸಿಲಲ್ಲಿ ಸಾಲು ನಿಂತು ಫೋಟೋ ತೆಗೆಸುವ ಕಷ್ಟವೂ ತಪ್ಪುತ್ತದೆ. ಸಿಂಡರೆಲ್ಲಾ ಕೋಟೆಯೊಳಗಿನ ಊಟ ಎಲ್ಲರೂ ಬಯಸುವುದು, ದುಬಾರಿ, ನಮ್ಮಂಥ ಸಸ್ಯಾಹಾರಿಗಳಿಗೆ ಅಷ್ಟು ದುಡ್ಡಿಗೆ ಬೇಕಿಲ್ಲ ಅನ್ನಿಸುತ್ತದೆ. ಅದರ ಬದಲು ಎಪ್ಕಾಟ್‌ನ ಗಾರ್ಡನ್ ಗ್ರಿಲ್‌ಗೆ ಬೆಳಗಿನ ತಿಂಡಿಗೆ ಹೋಗು. ನೆಲವೇ ಮೆಲ್ಲಗೆ ಸುತ್ತುತ್ತಿರುತ್ತದೆ. ಅದೇ ಕಟ್ಟಡದಲ್ಲಿ ಗಾಜಿನ ಮನೆಯ ತೋಟ ಇದೆ, ದೋಣಿಯಲ್ಲಿ ಕೂರಿಸಿ ತೋರಿಸುತ್ತಾರೆ, ಅಲ್ಲಿ ಬೆಳೆದ ತರಕಾರಿ ಈ ಅಡುಗೆಮನೆಗೂ ಬರುತ್ತದೆ. ಮಣ್ಣಿಲ್ಲದೆ ಬೆಳೆದ ಗಿಡಗಳನ್ನು ಅಮ್ಮ ನೋಡಲೇಬೇಕು, ಅವರಿಗೆ ರೋಲರ್ ಕೋಸ್ಟರಿಗಿಂತ ಅದು ಹಿಡಿಸುತ್ತದೆ.

ಕೌಂಟರಿನಲ್ಲಿ ತೆಗೆದುಕೊಂಡು ತಿನ್ನುವ ಕಡೆ ಮೆನುವಿನಲ್ಲಿ ಒಂದು ಹಸಿರು ಎಲೆಯ ಗುರುತು ನೋಡು. 2019ರಿಂದ ಹಾಕುತ್ತಿದ್ದಾರೆ. ಆ ಗುರುತಿದ್ದರೆ ಮಾಂಸ, ಮೊಟ್ಟೆ, ಹಾಲು, ಜೇನು ಯಾವುದೂ ಇಲ್ಲ ಅಂತ. ಬರೀ ವೆಜ್ ಅಂತ ಕೇಳಿದರೆ ಮೊಟ್ಟೆ ಇರುವುದನ್ನೂ ಕೊಡಬಹುದು, ಎಲೆಯ ಗುರುತಿನಲ್ಲಿ ಆ ಅನುಮಾನ ಇಲ್ಲ. ಈರುಳ್ಳಿ ಬೆಳ್ಳುಳ್ಳಿಗೆ ಮಾತ್ರ ಗುರುತು ಇಲ್ಲ, ಬಾಯಿಬಿಟ್ಟು ಕೇಳಬೇಕು. ಕರಿದ ಆಲೂಗಡ್ಡೆಯ ಎಣ್ಣೆಯಲ್ಲಿ ಬೇರೆ ಏನು ಕರಿಯುತ್ತಾರೆ ಅಂತಲೂ ಕೇಳು. ಕೂತು ಉಣ್ಣುವ ಜಾಗದಲ್ಲಿ ಬುಕ್ ಮಾಡುವಾಗಲೇ ಇದನ್ನು ಬರೆಯಲು ಅವಕಾಶ ಇದೆ, ಅಡುಗೆಯವರೇ ಬಂದು ಮಾತಾಡುವುದೂ ಉಂಟು. ಸಂಕೋಚ ಬೇಡ, ಅವರು ಬೇಜಾರಿಲ್ಲದೆ ಉತ್ತರ ಕೊಡುತ್ತಾರೆ. ಮಕ್ಕಳಿಗೆ ಅನಿಮಲ್ ಕಿಂಗ್‌ಡಮ್‌ನ ಸಟೂಲಿ ಕ್ಯಾಂಟೀನಿನಲ್ಲಿ ಅನ್ನದ ಮೇಲೆ ಕರಿದ ತೋಫು (ಸೋಯಾದ ಪನೀರ್) ಹಾಕಿದ ಬಟ್ಟಲು ಸಿಗುತ್ತದೆ, ಖಾರವೂ ಇರುತ್ತದೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಡೋಲ್ ವಿಪ್ ಅನ್ನುವ, ಐಸ್‌ಕ್ರೀಮಿನಂಥ ಅನಾನಸಿನ ತಿನಿಸನ್ನಂತೂ ಎಲ್ಲರಿಗೂ ಕೊಡಿಸು. ಆ್ಯಪ್‌ನಲ್ಲೇ ಆರ್ಡರ್ ಮಾಡಿ ಹೊತ್ತು ಗೊತ್ತು ಮಾಡಿಕೊಳ್ಳಬಹುದು. ಹನ್ನೆರಡರ ನಂತರ ಹೊತ್ತು ಸಿಗುವುದು ಕಷ್ಟ, ಬೆಳಗ್ಗೆಯೇ ಮಾಡಿಡು.

ಖರ್ಚಿನ ಎರಡು ಮಾತು. ಒಂದು ದಿನದ ಟಿಕೆಟ್ ಕಡಿಮೆ ಅಂದರೂ 119 ಡಾಲರ್, ರಜೆಯ ದಿನಗಳಲ್ಲಿ ತುಂಬಾ ಏರುತ್ತದೆ. ಕೂತು ಉಂಡ ಕಡೆ ಬಿಲ್ಲಿನ ಮೇಲೆ 18ರಿಂದ 20 ಪರ್ಸೆಂಟ್ ಟಿಪ್ಸ್ ಕೊಡುವುದು ಅಲ್ಲಿನ ಪದ್ಧತಿ. ಆರು ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 18 ಪರ್ಸೆಂಟ್ ಬಿಲ್ಲಿನಲ್ಲೇ ಸೇರಿಸಿರುತ್ತಾರೆ, ನೋಡಿಕೊಂಡು ಕೊಡು, ಎರಡು ಸಲ ಕೊಡಬೇಡ. ಅಮ್ಮನಿಗೆ ಗಾಲಿಕುರ್ಚಿ ಬಾಗಿಲಲ್ಲೇ ಬಾಡಿಗೆಗೆ ಸಿಗುತ್ತದೆ, ಮೊದಲು ಹೋದವರಿಗೆ ಮೊದಲು. ಬೇಡ ಅಂತ ಅವರು ಹಟ ಮಾಡಿದರೂ ತೆಗೆದುಕೊ.

ನೀನು ಈ ವಾರ ಮಾಡಬೇಕಾದ್ದು ಇಷ್ಟು. ತಂಗಿಯ ಹತ್ತಿರ ಮಾತಾಡಿ ಯಾವ ದಿನ ಯಾವ ಪಾರ್ಕ್ ಅಂತ ಗೊತ್ತು ಮಾಡು. ಅತ್ತಿಗೆಯ ಹತ್ತಿರ ಬುತ್ತಿಗೆ ಏನೇನು ಅಂತ ಕೇಳು. ಅಮ್ಮನ ಹತ್ತಿರ ಅವರ ಏಕಾದಶಿ, ಒಪ್ಪೊತ್ತಿನ ದಿನಗಳು ಆ ವಾರದಲ್ಲಿ ಬರುತ್ತವಾ ಅಂತ ಪಂಚಾಂಗ ನೋಡಿಸು, ಆ ದಿನಕ್ಕೆ ಟೇಬಲ್ ಹಿಡಿಯಬೇಡ. ಮಾರ್ಚ್ 21ಕ್ಕೆ ನಿಮ್ಮ ಕಡೆ ನೆಟ್‌ವರ್ಕ್ ಕೈಕೊಟ್ಟರೆ ಕಷ್ಟ, ಮಧ್ಯಾಹ್ನದ ಊಟಕ್ಕೆ ಶಿವಮೊಗ್ಗಕ್ಕೇ ಬಂದುಬಿಡು. ಮೂರು ಗಂಟೆಗೆ ಲ್ಯಾಪ್‌ಟಾಪ್ ತೆಗೆದು ಕೂರೋಣ. ಸನಾ ಮೊದಲು, ಗಾರ್ಡನ್ ಗ್ರಿಲ್ ಅದರ ದಿನದ ಬುಕಿಂಗ್ ತೆರೆದಾಗ.

ನಿನ್ನ ಪ್ರೀತಿಯ ಗೆಳೆಯ