ಕಿವಿ ಮಿಷನ್ ಕೊಟ್ರೆ ಸಾಲದು, ಬೆವರಿನ ವಿಷಯಾನೂ ಹೇಳ್ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮಾರ್ಚ್ 3 ವಿಶ್ವ ಶ್ರವಣ ದಿನ, ಆ ಹೊತ್ತಿಗೆ ಪೇಪರ್‌ನಲ್ಲಿ ಉಚಿತ ಶಿಬಿರದ ಫೋಟೋ ಬರುತ್ತೆ, ವಯಸ್ಸಾದವರು ಸಾಲಾಗಿ ಕೂತು ಕಿವಿಗೆ ಮಿಷನ್ ಹಾಕಿಸ್ಕೊಳ್ತಿರ್ತಾರೆ, ನೋಡೋಕೆ ಖುಷಿಯಾಗುತ್ತೆ. ಆದ್ರೆ ನಮ್ಮ ಉಡುಪಿ ಕಡೆ ಸೆಕೆ ಜೋರಾಗೋದೂ ಅದೇ ತಿಂಗಳು. ಆ ಮಿಷನ್‌ಗಳಲ್ಲಿ ಎಷ್ಟು ಮೇ ತಿಂಗಳಲ್ಲೂ ಕಿವಿಲಿ ಇರುತ್ತೆ, ಎಷ್ಟು ಕಪಾಟು ಸೇರಿರುತ್ತೆ ಅಂತ ಯಾರಾದ್ರೂ ಹೋಗಿ ನೋಡ್ಬೇಕು.

ನಮ್ಮಪ್ಪ ಮದುವೆ, ಮುಂಜಿ ಅಡುಗೆ ಮಾಡೋರು. ಕಟ್ಟಿಗೆ ಒಲೆ ಮುಂದೆ ನಿಂತ್ರೆ ತಲೆಯಿಂದ ಇಳಿದ ಬೆವರು ನೇರ ಕಿವಿ ಹಿಂದೆ ಬರುತ್ತೆ, ಮಿಷನ್ ಕೂತಿರೋದೂ ಅಲ್ಲೇ. ಎರಡು ವರ್ಷದ ಹಿಂದೆ ಒಂದು ಶಿಬಿರದಲ್ಲಿ ಅವರಿಗೆ ಕಿವಿ ಹಿಂದೆ ಹಾಕೋ ಮಿಷನ್ ಸಿಕ್ತು, ಸ್ವಿಚ್ ತೋರ್ಸಿದ್ರು, ಸೆಲ್ ಹಾಕೋದು ತೋರ್ಸಿದ್ರು, ಸಹಿ ತಗೊಂಡು ಕಳ್ಸಿದ್ರು. ಬೆವರು ಅನ್ನೋ ಪದಾನೇ ಯಾರ ಬಾಯಲ್ಲೂ ಬರ್ಲಿಲ್ಲ. ಒಂದು ತಿಂಗಳಲ್ಲಿ ಶುರುವಾಯ್ತು, ಬಡಿಸೋ ಹೊತ್ತಿಗೆ ಸರಿಯಾಗಿ ಮಿಷನ್ ಕೊರಕೊರ ಅಂದು ಬಂದ್ ಆಗೋದು, ಅಪ್ಪ "ಸೆಲ್ ಹೋಯ್ತು" ಅಂತ ಹೊಸದು ಹಾಕೋದು, ಮಾರನೇ ದಿನ ಮತ್ತೆ ಅದೇ ಕಥೆ. ಒಂದಿನ ಯಾರೋ ಹೇಳಿದ್ರು ಅಂತ ಒಲೆ ಪಕ್ಕ ತಟ್ಟೆಲಿ ಒಣಗೋಕಿಟ್ರು, ಪ್ಲಾಸ್ಟಿಕ್ ಸೊಟ್ಟಗಾಯ್ತು. ಆಮೇಲೆ ಆರು ತಿಂಗಳು ಮಿಷನ್ ಇಲ್ಲದೇ ಇದ್ರು, ಹುಡುಗರು ಭಟ್ರೇ ಭಟ್ರೇ ಅಂತ ಕೂಗಿ ಕೂಗಿ ಕೊನೆಗೆ ಅವರನ್ನ ಕೇಳೋದನ್ನೇ ಬಿಟ್ರು, ಅದನ್ನ ನೋಡಿ ನನಗೆ ತುಂಬ ಸಂಕಟ ಆಯ್ತು.

ಹಾಳಾದ ಮಿಷನ್ ಹಿಡ್ಕೊಂಡು ಕಡೆಗೆ ಒಬ್ಬ ಆಡಿಯಾಲಜಿಸ್ಟ್, ಅಂದ್ರೆ ಕಿವಿ ಎಷ್ಟು ಕೇಳುತ್ತೆ ಅಂತ ಪರೀಕ್ಷೆ ಮಾಡೋರ ಹತ್ರ ಹೋದ್ವಿ. ಅವರು ಸೆಲ್ಲಿನ ಬಾಗಿಲು ತೆಗೆದು ತೋರ್ಸಿದ್ರು, ಒಳಗಿನ ತಗಡಿನ ಮೇಲೆ ಹಸಿರು ಕಿಲುಬು, ಸುತ್ತ ಬಿಳಿ ಪುಡಿ. ಬೆವರಲ್ಲಿ ಉಪ್ಪಿದೆಯಲ್ಲ, ನೀರು ಆರಿದ್ರೂ ಉಪ್ಪು ಅಲ್ಲೇ ಉಳಿಯುತ್ತೆ. ಕಿವಿಗೆ ಹೋಗೋ ಟ್ಯೂಬಲ್ಲಿ ಸಾಸಿವೆ ಕಾಳಿನಷ್ಟು ನೀರ ಹನಿ ಕೂತ್ರೂ ಸಾಕಂತೆ ಶಬ್ದ ತಡೆಯೋಕೆ. ಇನ್ನೊಂದು ವಿಷಯ ಕೇಳಿ ನನಗೆ ಹೊಟ್ಟೆ ಉರೀತು, ಕಿತ್ತಳೆ ಸ್ಟಿಕ್ಕರ್ ಇರೋ ಆ 13 ನಂಬರ್ ಸೆಲ್ ಗಾಳಿ ಎಳ್ಕೊಂಡು ಕೆಲಸ ಮಾಡೋದಂತೆ, ಸ್ಟಿಕ್ಕರ್ ಕೆಳಗೆ ಸೂಜಿಮೊನೆಯಷ್ಟು ತೂತಿರುತ್ತೆ, ಅದಕ್ಕೆ ಬೆವರು ಮೆತ್ಕೊಂಡ್ರೆ ಸೆಲ್ ಉಸಿರು ಕಟ್ಟಿ ನಿಲ್ಲುತ್ತೆ, ಒರೆಸಿದ್ರೆ ಎಷ್ಟೋ ಸಲ ಮತ್ತೆ ನಡೆಯುತ್ತೆ. ಅಪ್ಪ ಎಸೆದ ಸೆಲ್‌ಗಳಲ್ಲಿ ಎಷ್ಟು ಚೆನ್ನಾಗಿದ್ವೋ ಏನೋ.

ಈಗ ಹೊಸ ಮಿಷನ್‌ಗೆ ನಾವು ಮಾಡೋದು ದೊಡ್ಡ ಕೆಲಸ ಏನಲ್ಲ. ಅಪ್ಪ ಬೈರಾಸನ್ನ ಹಣೆಗೆ ಸುತ್ಕೊಳ್ತಾರೆ, ಬೆವರು ಕಿವಿ ತನಕ ಇಳಿಯಲ್ಲ. ಮಧ್ಯೆ ಎರಡು ಸಲ ಮಿಷನ್ ತೆಗೆದು, ಕಿವಿ ಹಿಂದೆ ಮತ್ತೆ ಮಿಷನ್ ಎರಡನ್ನೂ ಒಣ ಹತ್ತಿ ಬಟ್ಟೆಲಿ ಒರೆಸ್ತಾರೆ. ರಾತ್ರಿ ಸೆಲ್ ಹೊರಗೆ ತೆಗೆದು, ಬಾಗಿಲು ತೆರೆದೇ, ತೇವ ಹೀರೋ ಸಿಲಿಕಾ ಜೆಲ್ ಮಣಿ ಹಾಕಿದ ಬಿಗಿ ಮುಚ್ಚಳದ ಡಬ್ಬದಲ್ಲಿ ಮಿಷನ್ ಇಡ್ತೀವಿ, ಸೆಲ್ ಮಾತ್ರ ಆ ಡಬ್ಬದೊಳಗೆ ಇಡಬಾರದು, ಅದೂ ಒಣಗಿ ಹೋಗುತ್ತೆ. ಜೆಲ್ ಮಣಿಗಳ ಬಣ್ಣ ಬದಲಾದ್ರೆ ಹೊಸದು ಹಾಕ್ಬೇಕು, ಮಕ್ಕಳ ಕೈಗೆ ಸಿಗಬಾರದು. ಕಿವಿ ಅಚ್ಚನ್ನ, ಅಂದ್ರೆ ಕಿವಿ ತೂತಲ್ಲಿ ಕೂರೋ ತುಂಡನ್ನ, ಮಿಷನ್‌ನಿಂದ ಬಿಡಿಸಿ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ತೊಳೆದು, ಟ್ಯೂಬಿಗೆ ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿ, ಪೂರ್ತಿ ಆರಿದ ಮೇಲೆ ಜೋಡಿಸ್ತೀವಿ. ಅಕ್ಕಿ ಡಬ್ಬದಲ್ಲಿ ಹೂತಿಡೋದು, ಹೇರ್ ಡ್ರೈಯರ್ ಹಿಡಿಯೋದು, ಸ್ಪಿರಿಟ್ ಹಚ್ಚೋದು ಯಾವುದೂ ಬೇಡ. ಬಟ್ಟೆ ಕವರ್ ಸಿಗುತ್ತೆ, ಹಾಕ್ಬಹುದು, ಮೈಕ್ ತೂತು ಮುಚ್ಚದ ತೆಳು ಬಟ್ಟೆ ಆಗಿರ್ಬೇಕು ಅಷ್ಟೇ.

ಕೆಲಸ, ಬಿಸಿಲು ಏನೂ ಇಲ್ಲದೇ ಸುಮ್ನೆ ಕೂತಾಗ್ಲೂ ತಲೆ ಮುಖ ನೆನೆಯೋ ಹಾಗೆ ಬೆವರೋರು ಇದಾರೆ, ಅವರು ಮಿಷನ್ ಅಂಗಡಿಗಿಂತ ಮೊದಲು ಡಾಕ್ಟರ್ ಹತ್ರ ಹೋಗ್ಬೇಕು. ಥೈರಾಯ್ಡ್ ಇರಬಹುದು, ಶುಗರ್ ಇಳಿದಿರಬಹುದು, ಹೆಂಗಸರಿಗೆ ಮುಟ್ಟು ನಿಲ್ಲೋ ಸಮಯ ಇರಬಹುದು, ತಗೊಳ್ಳೋ ಮಾತ್ರೆಯಿಂದ್ಲೂ ಆಗುತ್ತೆ. ಚರ್ಮದ ಡಾಕ್ಟರ್ ಹತ್ರ ಬೆವರು ಕಮ್ಮಿ ಮಾಡೋ ಔಷಧಿನೂ ಇದೆ. ಕಿವಿ ತುರಿಕೆ, ಸೋರೋದು ಇದ್ರೆ ಒಳಗೆ ಫಂಗಸ್ ಆಗಿರಬಹುದು, ಅದರ ಮೇಲೆ ಮಿಷನ್ ತುರುಕ್ಕೊಂಡು ಕೂರಬೇಡಿ.

ಶಿಬಿರ ನಡೆಸೋರಲ್ಲಿ ನನ್ನ ವಿನಂತಿ ಇಷ್ಟೇ. ಅಂಗವಿಕಲರಿಗೆ ಸಲಕರಣೆ ಕೊಡೋ ಕೇಂದ್ರ ಸರ್ಕಾರದ ಅಡಿಪ್ ಯೋಜನೆ ಇರ್ಲಿ, ಸಂಘ ಸಂಸ್ಥೆಗಳದ್ದಿರ್ಲಿ, ಮಿಷನ್ ಜೊತೆ ಒಂದು ಜೆಲ್ ಡಬ್ಬ, ಒಂದು ಬ್ಲೋವರ್ ಕೊಡಿ, ದೊಡ್ಡ ಅಕ್ಷರದ ಒಂದು ಪುಟ ಕನ್ನಡದಲ್ಲಿ ಬರೆದುಕೊಡಿ, ಮನೆಯವರೊಬ್ಬರನ್ನ ಕೂರಿಸ್ಕೊಂಡು ಒರೆಸೋದು, ಒಣಗಿಸೋದು ಮಾಡಿ ತೋರ್ಸಿ. ಮೈಸೂರಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಂಥಾ ದೊಡ್ಡ ಸಂಸ್ಥೆ ನಮ್ಮ ರಾಜ್ಯದಲ್ಲೇ ಇರುವಾಗ ಆ ಒಂದು ಪುಟ ಬರೆಸೋದು ಕಷ್ಟ ಆಗ್ಬಾರದು. ಮೇ ತಿಂಗಳಲ್ಲಿ ಅದೇ ಜನರನ್ನ ಇನ್ನೊಂದು ಸಲ ಕರೆದು ಮಿಷನ್ ತೆರೆದು ನೋಡಿ.

ಇಂತಿ,
ಅಡುಗೆಯವರ ಮಗಳು, ಉಡುಪಿ ಜಿಲ್ಲೆ