ಪಟ್ಟಿ ಯಾರ ಕೈಯಲ್ಲಿರಬೇಕು: ಜತ್ತದ ಗೆಳೆಯನಿಗೊಂದು ಪತ್ರ

ಅಕ್ಕಲಕೋಟ

ಪ್ರಿಯ ಗೆಳೆಯಾ,

ಸುಡಾನಿನ ಬಗ್ಗೆ ನೀನು ಕೇಳಿದ ಪ್ರಶ್ನೆಯನ್ನು ಪತ್ರಿಕೆಗಳೂ ಕೇಳುವುದಿಲ್ಲ. ಸರಕಾರ ಓಡಿಹೋದ ಊರಲ್ಲಿ, ಎರಡು ಸೈನ್ಯ ಬಡಿದಾಡುವ ನಡುವೆ, ಓಣಿಯ ಹುಡುಗರು ಹುಡುಗಿಯರು ಸೇರಿ ನೂರಾರು ಮಂದಿಗೆ ದಿನಾ ಉಣಬಡಿಸುತ್ತಾರೆ. ಯಾರಿಗೆ ಊಟ ಅಂತ ಹೇಳುವವರು ಯಾರು, ಲೆಕ್ಕ ಕೇಳುವವರು ಯಾರು? ಟ್ಯಾಂಕರ್ ನೀರಿನ ಪಾಳಿಯಲ್ಲಿ ನಿಂತು ಬೆಳೆದ ನಿನಗೆ ಇದೇ ಮೊದಲು ಹೊಳೆದಿದೆ. ಉತ್ತರ ಉದ್ದವಾಗುತ್ತದೆ. ನಿಮ್ಮ ತರುಣ ಮಂಡಳದವರಿಗೂ ಓದಿಸು.

ಯುದ್ಧ ಶುರುವಾದದ್ದು 2023ರ ಏಪ್ರಿಲ್ 15ರಂದು, ರಾಜಧಾನಿ ಖಾರ್ತೂಮಿನಲ್ಲಿ. ಒಂದು ಕಡೆ ಅಲ್-ಬುರ್ಹಾನ್ ಕೈಕೆಳಗಿನ ಸೇನೆ, ಇನ್ನೊಂದು ಕಡೆ ಹೆಮೆದ್ತಿ ಎಂದು ಎಲ್ಲರೂ ಕರೆಯುವ ದಗಾಲೊ ನಡೆಸುವ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆ. 2021ರ ಅಕ್ಟೋಬರ್ 25ರಂದು ನಾಗರಿಕ ಸರಕಾರವನ್ನು ಉರುಳಿಸಿದ್ದು ಇವರಿಬ್ಬರೂ ಸೇರಿಯೇ. ಈಗ ಇವರ ಜಗಳಕ್ಕೆ 1.2 ಕೋಟಿಗೂ ಹೆಚ್ಚು ಮಂದಿ ಮನೆ ಬಿಟ್ಟಿದ್ದಾರೆ. ಅವರಲ್ಲಿ ಸುಮಾರು 40 ಲಕ್ಷ ಮಂದಿ ಗಡಿ ದಾಟಿ ಚಾಡ್, ಈಜಿಪ್ಟ್, ದಕ್ಷಿಣ ಸುಡಾನ್ ಸೇರಿದರು.

ಅಡುಗೆಮನೆಗಳನ್ನು ನಡೆಸುವವು ಗುರಫ್ ಅಲ್-ತವಾರಿ, ಅಂದರೆ ತುರ್ತು ಕೋಣೆಗಳು. ಇವು ಯುದ್ಧ ಬಂದ ಮೇಲೆ ಏಕಾಏಕಿ ಹುಟ್ಟಿದವಲ್ಲ. 2018ರ ಡಿಸೆಂಬರಿನಿಂದ ಆಗಿನ ಅಧ್ಯಕ್ಷ ಬಶೀರನ ವಿರುದ್ಧ ಬೀದಿಗಿಳಿದ ಓಣಿ ಓಣಿಯ ಪ್ರತಿರೋಧ ಸಮಿತಿಗಳು ಆಗಲೇ ಒಬ್ಬರನ್ನೊಬ್ಬರು ಬಲ್ಲವಾಗಿದ್ದವು. ಅವಕ್ಕೂ ಹಿಂದೆ ನಫೀರ್ ಇತ್ತು, ನಮ್ಮ ಮುಯ್ಯಾಳಿನಂಥ ಪದ್ಧತಿ. 2013ರ ನೆರೆಯಲ್ಲಿ ಖಾರ್ತೂಮಿನ ತರುಣರು ಅದೇ ಹೆಸರಿನಲ್ಲಿ ಪರಿಹಾರದ ಕೆಲಸ ಮಾಡಿದ್ದರು. ಯಾರ ಮನೆಯಲ್ಲಿ ಮುದುಕರಿದ್ದಾರೆ, ಯಾರ ಬಾವಿಯಲ್ಲಿ ನೀರಿದೆ, ಯಾವ ಅಂಗಡಿಕಾರ ಉದ್ದರಿ ಕೊಡುತ್ತಾನೆ ಎಂಬುದೆಲ್ಲ ಗೊತ್ತಿದ್ದವರೇ ಯುದ್ಧ ಬಂದಾಗ ಕೆಲಸಕ್ಕೆ ಇಳಿದರು. ತಳದಲ್ಲಿ ಓಣಿಯ ಕೋಣೆ, ಅದರ ಮೇಲೆ ತಾಲ್ಲೂಕಿನಂಥ ಸ್ಥಳೀಯ ಘಟಕ, ಅದರ ಮೇಲೆ ರಾಜ್ಯದ್ದು. ಖಾರ್ತೂಮ್ ರಾಜ್ಯದಲ್ಲಿ ಇಂಥ ಘಟಕಗಳು 7. ಬೇಡಿಕೆ ಕೆಳಗಿನಿಂದ ಮೇಲೆ ಹೋಗುತ್ತದೆ, ರೊಕ್ಕ ಮೇಲಿನಿಂದ ಕೆಳಗೆ ಬರುತ್ತದೆ, ಏನು ಅಡುಗೆ ಎಂಬ ತೀರ್ಮಾನ ಮಾತ್ರ ಓಣಿಯದೇ.

ಅಡುಗೆಮನೆಗೆ ಅಲ್ಲಿ ತಕಿಯಾ ಅನ್ನುತ್ತಾರೆ. ನಮ್ಮ ಗಂಜಿ ಕೇಂದ್ರ ಅಂತ ತಿಳಿದುಕೋ. ಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಮಸೂರ ಬೇಳೆಯ ಸಾರು, ಇಲ್ಲವೇ ಫೂಲ್ ಎನ್ನುವ ದಪ್ಪ ಕಾಳು. ದೇಶದ ಪಶ್ಚಿಮದ ದಾರ್ಫುರ್ ಕಡೆ ಹೋದರೆ ಮುದ್ದೆ ಸಜ್ಜೆಯದು. 500 ಮಂದಿಗೆ ಒಂದು ಹೊತ್ತಿನ ಲೆಕ್ಕ ಹಾಕೋಣ. ತಲೆಗೆ 150 ಗ್ರಾಂ ಹಿಟ್ಟು ಅಂದರೆ 75 ಕಿಲೋ, 60 ಗ್ರಾಂ ಬೇಳೆ ಅಂದರೆ 30 ಕಿಲೋ, ಎಣ್ಣೆ 10 ಲೀಟರ್, ಉಪ್ಪು ಎರಡೂವರೆ ಕಿಲೋ. ಇಷ್ಟಾದರೂ ತಲೆಗೆ ಸಿಗುವುದು 900 ಕ್ಯಾಲರಿಯ ಆಸುಪಾಸು. ವಿಪತ್ತಿನ ಕಾಲಕ್ಕೆ ಜಗತ್ತು ಒಪ್ಪಿಕೊಂಡ ಅಳತೆ ದಿನಕ್ಕೆ 2,100. ಮನೆಯಲ್ಲಿ ಬೇರೇನೂ ಇಲ್ಲದವನು ಈ ಒಂದು ಊಟದಿಂದ ಬದುಕಿರುತ್ತಾನೆ, ಸೊರಗುವುದು ನಿಲ್ಲುವುದಿಲ್ಲ. ರೊಕ್ಕ ಕಡಿಮೆಯಾದಾಗ ಮೊದಲು ಎಣ್ಣೆ ಬಿಡುತ್ತಾರೆ, ಆಮೇಲೆ ಸಾರು ತೆಳ್ಳಗಾಗುತ್ತದೆ. ಪಾತ್ರೆಯ ಸಂಖ್ಯೆ ಅಷ್ಟೇ ಇರುವುದರಿಂದ ವರದಿಯಲ್ಲಿ ಇದು ಕಾಣುವುದಿಲ್ಲ. ಆದ್ದರಿಂದ ಎಷ್ಟು ಮಂದಿ ಉಂಡರು ಎನ್ನುವುದರ ಜೊತೆಗೆ ಎಷ್ಟು ಕಿಲೋ ಒಲೆಗೆ ಹೋಯಿತು ಅಂತಲೂ ವಹಿಯಲ್ಲಿ ಬರೆಯಲೇಬೇಕು.

ಇನ್ನು ಉರುವಲು. ಫೂಲ್ ಕಾಳನ್ನು ರಾತ್ರಿಯಿಡೀ ನೆನೆಸಿದರೂ ಗಂಟೆಗಟ್ಟಲೆ ಬೇಯಿಸಬೇಕು. ಮಸೂರ ಬೇಳೆ ಅರ್ಧ ಗಂಟೆಯೊಳಗೆ ಬೇಯುತ್ತದೆ. ಗ್ಯಾಸ್ ಸಿಗದೆ ಕಟ್ಟಿಗೆ ತುಟ್ಟಿಯಾದಾಗ ಫೂಲ್ ಬಿಟ್ಟು ಮಸೂರ ಬೇಯಿಸುವುದೇ ಜಾಣತನ. ಹೊಗೆಗೂ ಬೇರೆ ಅಪಾಯವಿದೆ. ಒಂದೇ ಜಾಗದಲ್ಲಿ ದಿನಾ ಅದೇ ಹೊತ್ತಿಗೆ ಹೊಗೆ ಎದ್ದು ಪಾಳಿ ನಿಂತರೆ ಅದು ಗುಂಡಿಗೂ ಗುರಿ, ಲೂಟಿಗೂ ಗುರಿ. ಊಟದ ಪಾಳಿಯ ಮೇಲೆ ಶೆಲ್ ಬಿದ್ದ ಉದಾಹರಣೆಗಳು ಆ ಯುದ್ಧದಲ್ಲಿ ಬೇಕಾದಷ್ಟಿವೆ. ದೊಡ್ಡದೊಂದು ಅಡುಗೆಮನೆಗಿಂತ ಸಣ್ಣವು ನಾಲ್ಕು ಲೇಸು. ಮನೆಗೊಬ್ಬರು ಡಬ್ಬಿ ತಂದು ಒಯ್ದರೆ ಪಾಳಿ ಬೇಗ ಕರಗುತ್ತದೆ, ಬರಲಾಗದ ಮುದುಕರಿಗೂ ಊಟ ತಲುಪುತ್ತದೆ.

ಪಟ್ಟಿಯ ಮಾತು ಇಲ್ಲೇ ಬರುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ಬೇರು ಇದೇ. ಯಾರ ಕೈಯಲ್ಲಿ ಪಟ್ಟಿ ಇದೆಯೋ ಅವರೇ ಆ ಓಣಿಯ ಸರಕಾರ. 2003ರ ಯುದ್ಧದ ನಂತರ ದಾರ್ಫುರಿನ ನಿರಾಶ್ರಿತರ ಶಿಬಿರಗಳಲ್ಲಿ ಇದನ್ನು ಎಲ್ಲರೂ ಕಂಡರು. ಹಳ್ಳಿಯಲ್ಲಿ ಶೇಖ್ ಅಂದರೆ ಭೂಮಿ ಹಂಚುವ, ವ್ಯಾಜ್ಯ ಬಗೆಹರಿಸುವ ಹಿರಿಯ. ಶಿಬಿರದಲ್ಲಿ ಭೂಮಿ ಇರಲಿಲ್ಲ, ಪಡಿತರ ಚೀಟಿ ಇತ್ತು. ಹಳ್ಳಿಯ ಹಿರಿತನವಿಲ್ಲದ ಹೊಸ ಶೇಖರು ಚೀಟಿಯ ಬಲದಿಂದ ಹುಟ್ಟಿಕೊಂಡರು. ಇಲ್ಲದ ತಲೆಗಳು ಪಟ್ಟಿ ಸೇರಿದವು, ಹೊಸದಾಗಿ ಬಂದ ವಿಧವೆಯ ಹೆಸರು ತಿಂಗಳುಗಟ್ಟಲೆ ಸೇರಲಿಲ್ಲ. ಮರುಎಣಿಕೆಗೆ ಬಂದವರ ಜೊತೆ ಜಗಳವೂ ಆಯಿತು. ಓಣಿಯ ಪಟ್ಟಿಯನ್ನು ಎಲ್ಲರ ಎದುರು ಓದಿ ಹೇಳಿದರೆ ಇಲ್ಲದ ತಲೆ ಅಡಗಿ ಕೂರಲಾರದು, ಪಕ್ಕದ ಮನೆಯವಳೇ ಎದ್ದು ಕೇಳುತ್ತಾಳೆ. ಆದರೆ ಯುದ್ಧದಲ್ಲಿ ಓದಿ ಹೇಳಿದ ಪಟ್ಟಿ ನಾಳೆ ಬಂದೂಕಿನವನ ಕೈಗೂ ಸಿಗಬಹುದು. ಹಾಗಾಗಿ ಪಟ್ಟಿಯಲ್ಲಿ ಮನೆಯ ಗುರುತಿನ ಸಂಖ್ಯೆ, ಉಣ್ಣುವ ತಲೆಗಳು, ಎರಡು ವರ್ಷದೊಳಗಿನ ಮಕ್ಕಳು, ಬಸುರಿ ಬಾಣಂತಿಯರು, ಇಷ್ಟು ಸಾಕು. ಬುಡಕಟ್ಟಿನ ಹೆಸರು ಬೇಡ, ಬಿಟ್ಟುಬಂದ ಊರಿನ ಹೆಸರೂ ಬೇಡ. ಊಟಕ್ಕೆ ಬಂದವರ ಮುಖದ ಫೋಟೋ ಬೇಡವೇ ಬೇಡ.

ಬಂದವರಿಗೂ ಇದ್ದವರಿಗೂ ಒಂದೇ ಪಾತ್ರೆ ಇರಬೇಕು. 2023ರ ಡಿಸೆಂಬರ್ 18ರಂದು ವದ್ ಮದನಿ ನಗರ ಆರ್‌ಎಸ್‌ಎಫ್ ಕೈಗೆ ಹೋದಾಗ, ಖಾರ್ತೂಮಿನಿಂದ ಓಡಿಬಂದು ಅಲ್ಲಿ ನೆಲೆ ಕಂಡಿದ್ದವರು ಎರಡನೇ ಸಲ ಗಂಟು ಕಟ್ಟಿದರು. ಪೂರ್ವದ ಗದಾರಿಫ್, ಕಸ್ಸಲಾ ಕಡೆಯ ಶಾಲೆಗಳು ತುಂಬಿದವು. ಶಾಲೆ ತುಂಬಿದರೆ ಊರಿನ ಮಕ್ಕಳಿಗೆ ಪಾಠವಿಲ್ಲ, ಬಾವಿಯ ಮುಂದೆ ಪಾಳಿ ಬೆಳೆಯುತ್ತದೆ, ಮನೆ ಬಾಡಿಗೆ ಏರುತ್ತದೆ. ನಿರಾಶ್ರಿತರಿಗೆ ಮಾತ್ರ ಊಟ ಎಂದರೆ ಊರಿನ ಬಡವ ಎಷ್ಟು ದಿನ ಸುಮ್ಮನಿದ್ದಾನು?

ರೊಕ್ಕದ ದಾರಿ ಹೇಳುತ್ತೇನೆ. ಬ್ಯಾಂಕುಗಳು ಲೂಟಿಯಾದ ಮೇಲೆ ಬಹುಪಾಲು ವ್ಯವಹಾರ ನಿಂತಿರುವುದು ಬ್ಯಾಂಕ್ ಆಫ್ ಖಾರ್ತೂಮಿನ ಬಂಕಕ್ ಎಂಬ ಆ್ಯಪ್ ಮೇಲೆ. ಕೊಲ್ಲಿ ದೇಶದಲ್ಲಿ ದುಡಿಯುವ ಮಗ ಕಳಿಸಿದ್ದು ಓಣಿಯ ಒಬ್ಬರ ಸ್ವಂತ ಖಾತೆಗೆ ಬರುತ್ತದೆ. ತೊಡಕು ಹಲವು. ನಗದು ಬೇಕೆಂದರೆ ವ್ಯಾಪಾರಿ ನೂರಕ್ಕೆ ಇಷ್ಟು ಅಂತ ಕಡಿದುಕೊಂಡೇ ಕೊಡುತ್ತಾನೆ, ಮುತ್ತಿಗೆ ಬಿಗಿಯಾದಷ್ಟೂ ಕಡಿತ ಏರುತ್ತದೆ. ನಾಕಾಬಂದಿಯಲ್ಲಿ ಫೋನ್ ಕಸಿದು ಖಾತೆ ಬರಿದು ಮಾಡಿಸುತ್ತಾರೆ. 2024ರ ಫೆಬ್ರುವರಿಯಲ್ಲಿ ದೇಶದ ಬಹುಭಾಗದಲ್ಲಿ ನೆಟ್‌ವರ್ಕ್ ಸತ್ತಾಗ ರೊಕ್ಕ ಇದ್ದೂ ಒಲೆ ಆರಿದವು. ಅದೇ ವರ್ಷದ ಕೊನೆಗೆ ಕೇಂದ್ರ ಬ್ಯಾಂಕ್ 500 ಮತ್ತು 1,000 ಪೌಂಡಿನ ಹೊಸ ನೋಟು ತಂದಿತು, ಆರ್‌ಎಸ್‌ಎಫ್ ತನ್ನ ಹಿಡಿತದ ಕಡೆ ಅವನ್ನು ಒಪ್ಪಲಿಲ್ಲ. ಒಂದೇ ದೇಶದಲ್ಲಿ ನೋಟೂ ಎರಡಾಯಿತು.

ಇಂಥ ಕಡೆ ಲೆಕ್ಕ ನಿಲ್ಲುವುದು ಕೆಲಸ ಹಂಚಿದಾಗ ಮಾತ್ರ. ಖಾತೆ ಇರುವವರು ಖರೀದಿಗೆ ಹೋಗಬಾರದು. ಖರೀದಿಸಿದವರ ಕೈಗೆ ಉಗ್ರಾಣದ ಕೀಲಿ ಕೊಡಬಾರದು. ಉಗ್ರಾಣದಿಂದ ತೂಗಿ ಕೊಡುವಾಗ ಅಡುಗೆಯವರ ಸಹಿ ಬೇಕು. ಅಂಗಡಿಯಲ್ಲಿ ಅಚ್ಚಾದ ಪಾವತಿ ಸಿಗದು. ಕೈಬರಹದ ಚೀಟಿಯಲ್ಲಿ ಸರಕು, ತೂಕ, ದರ, ದಿನಾಂಕ ಬರೆಸಿ ಫೋಟೋ ತೆಗೆದು ಅಂದೇ ಮೇಲಿನ ಘಟಕಕ್ಕೆ ಕಳಿಸಿ, ಫೋನಿನಿಂದ ಅಳಿಸಿಬಿಡಬೇಕು. ವಾರಕ್ಕೊಮ್ಮೆ ಬಂದದ್ದು, ಹೋದದ್ದು, ಉಳಿದದ್ದನ್ನು ಓಣಿಯವರ ಮುಂದೆ ಓದಬೇಕು. ದೊಡ್ಡ ದಾನಿಗಳು ಮೂರು ಅಂಗಡಿಗಳ ದರಪಟ್ಟಿ ತನ್ನಿ ಅನ್ನುತ್ತಾರೆ. ತೆರೆದಿರುವುದೇ ಒಂದು ಅಂಗಡಿಯಾದರೆ ಹುಡುಗರು ಇನ್ನೆರಡು ಸುಳ್ಳು ಚೀಟಿ ಬರೆಸಬೇಕಾಗುತ್ತದೆ. ಸಾಚಾ ಮನುಷ್ಯನಿಗೆ ಸುಳ್ಳು ಕಲಿಸುವ ಇಂಥ ನಿಯಮ ನನಗೆ ಸಿಟ್ಟು ತರಿಸುತ್ತದೆ.

2025ರ ಜನವರಿಯಲ್ಲಿ ಅಮೆರಿಕದ ನೆರವು ಒಂದೇ ಏಟಿಗೆ ನಿಂತಿತು. ಸಾವಿರಕ್ಕೂ ಹೆಚ್ಚು ಅಡುಗೆಮನೆ ಮುಚ್ಚಿದವು. ಅದೇ ವರ್ಷ ತುರ್ತು ಕೋಣೆಗಳಿಗೆ ರಾಫ್ತೊ ಪ್ರಶಸ್ತಿ ಬಂತು, ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಬಂತು. ಸಂತೋಷ. ಆದರೆ ಅಕ್ಟೋಬರ್ 26ರಂದು ಆರ್‌ಎಸ್‌ಎಫ್ ಕೈಗೆ ಬಿದ್ದ ದಾರ್ಫುರಿನ ಎಲ್ ಫಾಶರ್ ನಗರದಲ್ಲಿ ಅದಕ್ಕೂ ಮೊದಲೇ ಮಂದಿ ಶೇಂಗಾ ಹಿಂಡಿ ತಿನ್ನುತ್ತಿದ್ದರು, ದನಕ್ಕೆ ಹಾಕುವ ಹಿಂಡಿ. ಕೊನೆಗೆ ಅದೂ ಮುಗಿಯಿತು.

ನೀರಿನ ಬಗ್ಗೆ ನಿಮ್ಮ ಮಂಡಳಕ್ಕೂ ಉಪಯೋಗವಾಗುವ ಒಂದು ಲೆಕ್ಕ. 2025ರ ಮೇ ತಿಂಗಳಲ್ಲಿ ಡ್ರೋನ್ ದಾಳಿಗೆ ಕರೆಂಟು ಹೋಗಿ, ನೀರು ಶುದ್ಧೀಕರಣ ನಿಂತು, ಖಾರ್ತೂಮಿನಲ್ಲಿ ಕಾಲರಾ ಉಲ್ಬಣಿಸಿತು. 70 ಪ್ರತಿಶತ ಕ್ಲೋರಿನ್ ಪುಡಿ 15 ಗ್ರಾಂ ಒಂದು ಲೀಟರಿಗೆ ಕರಗಿಸಿದರೆ 1 ಪ್ರತಿಶತದ ದ್ರಾವಣ. ತಿಳಿನೀರಿನ 20 ಲೀಟರ್ ಡಬ್ಬಿಗೆ ಅದರಿಂದ 4 ಮಿಲಿ ಹಾಕಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕದಡಿದ ನೀರಾದರೆ ಮೊದಲು ಬಟ್ಟೆಯಲ್ಲಿ ಸೋಸಿ ದ್ರಾವಣ ಇಮ್ಮಡಿ ಹಾಕಬೇಕು. ಬೇಧಿಯಾದವರಿಗೆ ಒಂದು ಲೀಟರ್ ಶುದ್ಧ ನೀರಿಗೆ 6 ಸಪಾಟು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಕಣ್ಣಳತೆ ಬೇಡ.

ಇನ್ನು ಶಾಂತಿಯ ಮಾತು. ಸರಕಾರಕ್ಕೂ ಬಂಡುಕೋರ ಗುಂಪುಗಳಿಗೂ 2020ರ ಅಕ್ಟೋಬರ್ 3ರಂದು ಆದ ಜುಬಾ ಒಪ್ಪಂದ 300 ಸ್ಥಾನಗಳ ಶಾಸನಸಭೆಯಲ್ಲಿ 75 ಸ್ಥಾನಗಳನ್ನು ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಬರೆದುಕೊಟ್ಟಿತು. ಸಹಿ ಹಾಕಿದವರಲ್ಲಿ ಬಹುತೇಕರು ಬಂದೂಕು ಹಿಡಿದ ಗುಂಪಿನವರು. ಆ ಶಾಸನಸಭೆ ಒಮ್ಮೆಯೂ ಸೇರಲಿಲ್ಲ. 2023ರ ಮೇ 11ರಂದು ಜೆದ್ದಾದಲ್ಲಿ ನಾಗರಿಕರನ್ನು ಕಾಪಾಡುತ್ತೇವೆಂದು ಸಹಿ ಹಾಕಿದವರೂ ಆ ಎರಡು ಸೈನ್ಯಗಳೇ. ಊಟ ಹಾಕುವವರನ್ನು ಯಾರೂ ಮೇಜಿಗೆ ಕರೆಯಲಿಲ್ಲ. ಬದಲಿಗೆ ಈ ಕಡೆಯ ಸೈನ್ಯ ಅವರನ್ನು ಆ ಕಡೆಯವರೆಂದು ಹಿಡಿಯಿತು, ಆ ಕಡೆಯದು ಈ ಕಡೆಯವರೆಂದು ಹಿಡಿಯಿತು. ಓಣಿಯ ಪ್ರತಿರೋಧ ಸಮಿತಿಗಳು 2022ರಲ್ಲೇ ತಳಮಟ್ಟದ ಸಭೆಗಳಿಂದ ದೇಶದ ಶಾಸನಸಭೆಯವರೆಗೆ ಅಧಿಕಾರ ಕಟ್ಟುವ ಸನ್ನದು ಬರೆದಿಟ್ಟಿವೆ. ಯಾವ ಮಾತುಕತೆಯೂ ಅಲ್ಲಿಂದ ಶುರುವಾಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಹಳ್ಳಿಗಳ ಕಡೆ ಇನ್ನೂ ಹಳೆಯ ದಾರಿಯೊಂದಿದೆ, ಜೂದಿಯಾ. ಅಜಾವೀದ್ ಎಂಬ ಹಿರಿಯರು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತಾರೆ. ಅವರು ಎರಡೂ ಕುಲಕ್ಕೆ ಸೇರದ ಮೂರನೆಯವರಾಗಿರಬೇಕು. ಕೊಲೆಯಾಗಿದ್ದರೆ ದಿಯಾ ಎಂಬ ಪರಿಹಾರವನ್ನು ಕೊಂದವನ ಕುಲವೆಲ್ಲ ಸೇರಿ ತುಂಬಬೇಕು, ಆಗ ಮುಂದಿನ ಸಲ ಕುಲವೇ ತನ್ನ ಹುಡುಗರನ್ನು ತಡೆಯುತ್ತದೆ. ಸರಕಾರವೇ ಹಿರಿಯರನ್ನು ಆರಿಸಿ ಕಳಿಸಿದಾಗ ಇದು ಕೆಟ್ಟಿತು, ಯಾಕೆಂದರೆ ಸರಕಾರ ಒಂದು ಕಡೆಗೆ ಬಂದೂಕು ಕೊಟ್ಟಿತ್ತು.

ದಾರ್ಫುರಿನ ರೈತರಿಗೂ ದನಗಾಹಿಗಳಿಗೂ ಹೆಚ್ಚು ಜಗಳ ಬೀಳುವುದು ತಲೈಗ್ ವಿಷಯಕ್ಕೆ, ಅಂದರೆ ಸುಗ್ಗಿಯಾದ ಹೊಲವನ್ನು ಮೇವಿಗೆ ತೆರೆಯುವ ದಿನ. ಬಿತ್ತನೆ ಜೂನ್-ಜುಲೈಗೆ, ಕೊಯ್ಲು ವರ್ಷದ ಕೊನೆಗೆ. ಹಿಂಡು ಬೇಗ ಬಂದರೆ ಬೆಳೆ ಹೋಗುತ್ತದೆ, ಬೆಳೆ ಹೋದರೆ ಊರಿಗೆ ಮರಳಿದ ಕುಟುಂಬ ಮತ್ತೆ ಶಿಬಿರ ಸೇರುತ್ತದೆ. ಹಂಗಾಮು ಕಾಯುವ ಸಮಿತಿಗಳಲ್ಲಿ ರೈತರೂ ದನಗಾಹಿಗಳೂ ಕೂಡಿ ಕೂರಬೇಕು. ‘ಸುಗ್ಗಿ ಮುಗಿದ ಮೇಲೆ’ ಎಂದಷ್ಟೇ ಆದ ಮಾತು ಮುರಿಯುತ್ತದೆ, ಎಲ್ಲ ಬೆಳೆಯೂ ಒಂದೇ ವಾರ ಕೊಯ್ಲಿಗೆ ಬರುವುದಿಲ್ಲ. ದಿನಾಂಕ, ಹಿಂಡು ಹಾಯುವ ದಾರಿಯ ಗಡಿಗಲ್ಲು, ಯಾವ ಕೆರೆಯಲ್ಲಿ ನೀರು, ಹಾಳಾದ ಬೆಳೆಯನ್ನು ಅಳೆಯುವವರು ಯಾರು, ಎಷ್ಟು ದಿನದೊಳಗೆ ಪರಿಹಾರ, ಇವೆಲ್ಲ ಬಿತ್ತನೆಗೆ ಮೊದಲೇ ನಿಗದಿಯಾಗಬೇಕು.

ನಿಮ್ಮ ಕಡೆಯೂ ಸುಗ್ಗಿಯ ಮೇಲೆ ಕುರಿ ಹಿಂಡು ಹೊಲಕ್ಕೆ ಬರುತ್ತವಲ್ಲ. ದಿನ ಗೊತ್ತು ಮಾಡುವವರು ಯಾರು, ಬೆಳೆ ಹಾಳಾದರೆ ಅಳೆಯುವವರು ಯಾರು, ತೀರ್ಮಾನವನ್ನು ಎಲ್ಲಾದರೂ ಬರೆದಿಡುತ್ತಾರೆಯೇ? ವಿಚಾರಿಸಿ ಬರೆ.

ನಿನ್ನ ಗೆಳೆಯ