ಮಾರ್ಷಲ್ ಅಂದರೆ ಬರೀ ಯೋಜನೆಯ ಹೆಸರಲ್ಲ

ಮಾನ್ಯರೇ,

ಯುದ್ಧದಲ್ಲಿ ನಲುಗಿದ ದೇಶಗಳನ್ನು ಮತ್ತೆ ಕಟ್ಟುವ ಮಾತು ಬಂದಾಗಲೆಲ್ಲ ಪತ್ರಿಕೆಗಳಲ್ಲಿ ‘ಮಾರ್ಷಲ್ ಯೋಜನೆ’ ಎಂಬ ಪದ ಕಾಣುತ್ತದೆ. ಆದರೆ ಆ ಮಾರ್ಷಲ್ ಯಾರು ಎಂದು ಬರೆಯುವುದು ಕಡಿಮೆ. ನಾನಂತೂ ಬಹಳ ದಿನ ಅದು ಸೇನೆಯ ಯಾವುದೋ ಹುದ್ದೆ ಅಂದುಕೊಂಡಿದ್ದೆ!

ಜಾರ್ಜ್ ಮಾರ್ಷಲ್ ಎರಡನೇ ಮಹಾಯುದ್ಧದ ಉದ್ದಕ್ಕೂ ಅಮೆರಿಕದ ಸೇನಾ ಮುಖ್ಯಸ್ಥರಾಗಿದ್ದರು. ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿನ ನಾರ್ಮಂಡಿ ತೀರದ ಮೇಲಿನ ದಾಳಿಯ ಮುಂದಾಳತ್ವ ಸಿಗಲಿ ಎಂಬ ಆಸೆ ಅವರಿಗಿತ್ತು. ಅಧ್ಯಕ್ಷ ರೂಸ್‌ವೆಲ್ಟ್ ಕೇಳಿದಾಗಲೂ ಬಾಯಿಬಿಡಲಿಲ್ಲ. ಆ ಅವಕಾಶ ಐಸೆನ್‌ಹೋವರ್‌ಗೆ ಹೋಯಿತು, ಮುಂದೆ ಅವರು ಅಧ್ಯಕ್ಷರೂ ಆದರು. ಮಾರ್ಷಲ್ 1947ರಲ್ಲಿ ವಿದೇಶಾಂಗ ಸಚಿವರಾದರು. ಅದೇ ವರ್ಷ ಜೂನ್ 5ರಂದು ಹಾರ್ವರ್ಡ್‌ನಲ್ಲಿ ಒಂದು ಚಿಕ್ಕ ಭಾಷಣ ಮಾಡಿ ಯುರೋಪಿಗೆ ನೆರವಿನ ಮಾತೆತ್ತಿದರು. ಅದೇ ‘ಮಾರ್ಷಲ್ ಯೋಜನೆ’ ಆಯಿತು. ಮುಂದೆ ಸುಮಾರು 1,300 ಕೋಟಿ ಡಾಲರ್ ಪಶ್ಚಿಮ ಯುರೋಪಿಗೆ ಹರಿಯಿತು. ಸೋತ ಪಶ್ಚಿಮ ಜರ್ಮನಿಗೂ ಪಾಲು ಸಿಕ್ಕಿತು. ಸುಮ್ನೆ ಧರ್ಮಕ್ಕೆ ಕೊಟ್ಟಿದ್ದಲ್ಲ, ಕಮ್ಯುನಿಸಂ ಹರಡದಂತೆ ತಡೆಯುವ ಲೆಕ್ಕಾಚಾರವೂ ಇತ್ತು. ಆದರೂ ಯುದ್ಧ ನಡೆಸಿದ ಸೈನಿಕನಿಗೇ 1953ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು ಅಪರೂಪ ಅಲ್ವಾ? ಆತ್ಮಕಥೆ ಬರೆದಿದ್ದರೆ ದುಡ್ಡು ಜಾಸ್ತಿಯೇ ಸಿಗುತ್ತಿತ್ತು. ಅವರು ಬರೆಯಲಿಲ್ಲ.

ಇಂಥ ಹೆಸರುಗಳು ಸುದ್ದಿಯಲ್ಲಿ ಬಂದಾಗ ಪಕ್ಕದಲ್ಲೇ ನಾಲ್ಕು ಸಾಲಿನ ವ್ಯಕ್ತಿ ಪರಿಚಯ ಕೊಡಬಹುದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

– ಓರ್ವ ಓದುಗ, ಮೈಸೂರು